ಇನಾಯತ್ ಶೆಡ್ಡಿನಲ್ಲಿ ಅಳತೆ

ಮಂಡ್ಯದ ಸಕ್ಕರೆ ಕಾರ್ಖಾನೆಯ ರಸ್ತೆ. ಇನಾಯತ್ ಶೆಡ್ಡಿನಲ್ಲಿ
ಮೂರು ಗಾಡಿ, ಮೂರಕ್ಕೂ ಇನ್ನೂ ಬಾಗಿಲಿಲ್ಲ.

ಹರಾಜಿನಲ್ಲಿ ಹಿಡಿದ ಹಳೇ ಬಸ್ಸು:
ಒಲೆ, ಬಚ್ಚಲು, ಎರಡು ಮಂಚ, ಆಮೇಲೂ
ಸುಮ್ಮನೆ ನಾಲ್ಕು ಹೆಜ್ಜೆ ಹಾಕಲು ಜಾಗ.
ಆದರೆ ನಮ್ಮ ಗುತ್ತಲು ಓಣಿಗೆ ಬಂದರೆ
ಎದುರುಗೊಳ್ಳಲಿಲ್ಲವೆಂದು ಮುನಿದ ಬೀಗರ ಹಾಗೆ
ಬಾಯಲ್ಲೇ ನಿಂತುಬಿಡುತ್ತದೆ.

ಟೆಂಪೊ ಟ್ರಾವೆಲರ್ ಎಲ್ಲಿ ಬೇಕಾದರೂ ನುಗ್ಗೀತು.
ನಾನು ಸೀರೆ ಉಡಬೇಕೆಂದರೆ
ಅಕ್ಕ ಇಳಿದು ರಸ್ತೆಯಲ್ಲಿ ನಿಲ್ಲಬೇಕು.

ಜೀಪಿನ ಹಿಂದೆ ಕಟ್ಟುವ ಪೆಟ್ಟಿಗೆಮನೆ ಚೆಂದ.
ಕೆರೆ ಏರಿಯ ಕೆಳಗೆ ಬಿಚ್ಚಿಟ್ಟು
ಸೊಪ್ಪು ತರಲು ಜೀಪಲ್ಲೇ ಹೋಗಿಬರಬಹುದು.
"ರಿವರ್ಸ್ ತೆಗೀತೀರಾ, ಮೇಡಂ?"
ಮೂವತ್ತೊಂದು ವರ್ಷ ಆಸ್ಪತ್ರೆಯಲ್ಲಿ
ರಕ್ತದ ಗುಂಪು ನೋಡಿದವಳು ನಾನು;
ಎಡಕ್ಕೆ ತಿರುಗಿಸಿದರೆ ಬಲಕ್ಕೆ ಹೋಗುವುದನ್ನು
ಯಾರೂ ಕಲಿಸಲಿಲ್ಲ.

ಅಕ್ಕ ವಿಶಾಲಾಕ್ಷಿ ಸೆರಗಿನಿಂದ ಮಂಚ ಅಳೆದಳು.
"ವಾರಕ್ಕಾದರೆ ಯಾವುದಾದರೂ ಆದೀತು.
ಬಾಳೋದಕ್ಕೆ?"
ಇನಾಯತ್ ಸ್ಪ್ಯಾನರ್ ಒರೆಸುತ್ತ,
"ನೀರು ಒಳಗೆ ತುಂಬೋದು ಸಲೀಸು.
ಹೊರಗೆ ಎಲ್ಲಿಗೆ ಬಿಡ್ತೀರ, ಅದು ಹೇಳಿ."

ನಮ್ಮಿಬ್ಬರಿಗೂ ಉತ್ತರ ತೋಚದೆ ಹೊರಬಂದೆವು.
ಕಬ್ಬಿನ ಗಾಡಿಗಳು ಗೇಟಿನತನಕ ಸಾಲು.
ಒಂದರ ಅಡಿಯಲ್ಲಿ, ಅಚ್ಚಿಗೆ ಬುತ್ತಿ ನೇತುಹಾಕಿ,
ಗೋಣಿ ಹಾಸಿ ಮಲಗಿದ್ದಾನೆ ಒಬ್ಬ,
ಎರಡನೇ ರಾತ್ರಿಯಂತೆ.
"ಸೊಳ್ಳೆ ಕಚ್ಚಲ್ವೇನಪ್ಪ?"
"ಪಕ್ಕದಲ್ಲೇ ಎತ್ತು ಬಾಲ ಬೀಸ್ತವಲ್ಲವ್ವ."

ಅಕ್ಕ ಸ್ವಲ್ಪ ಹೊತ್ತು ನಿಂತಳು. ಮತ್ತೆ ಒಳಗೆ ಹೋಗಿ,
"ಇನಾಯತ್, ಫ್ಯಾನು ಯಾವ ಕಡೆ ಬರುತ್ತೆ?"