ಪೆಪ್ಪರ್‌ಮಿಂಟ್ ಕರಗುವಷ್ಟು ಹೊತ್ತು

ನಮ್ಮ ಸಭೆ ಕೂಡುವುದು ಮೊದಲು ರತ್ನಗಂಬಳಿ ಮಾರುತ್ತಿದ್ದ ಮಳಿಗೆಯಲ್ಲಿ.
ಬೆಲೆಚೀಟಿ ಅಂಟಿಸಿದ ಗುರುತು ಕಂಬಕ್ಕೆ ಇನ್ನೂ ಇದೆ.
ಪರದೆಯ ಮೇಲೆ ಹಾಡಿನ ಸಾಲು ಬದಲಿಸುವುದು ನನ್ನ ಕೆಲಸ;
ಡ್ರಮ್ಮಿನವನು ಕಣ್ಣು ಮುಚ್ಚಿದರೆ ಹಿಂದಿನ ಸಾಲಿಗೇ ಮರಳುವುದು.
ಪಾಸ್ಟರ್ ಯೆರೂನ್ ಬರಿಗಾಲಲ್ಲಿ ಬಂದು ಹೇಳುತ್ತಾರೆ:
ನೀನು ಇರುವ ಹಾಗೇ ಸಾಕು,
ನಿನ್ನೊಳಗೇ ಇದೆ ಬೆಳಕು.
ಆಮೇಲೆ ಕಾಫಿ. ಕಾಫಿ ಚೆನ್ನಾಗಿರುತ್ತದೆ.
ನನಗೋ, ನಾನು ಸಾಕಾಗಿ ಹೋಗಿದ್ದೇನೆ,
ಅವರು ಹೇಳುವ ಅರ್ಥದಲ್ಲಲ್ಲ.

ಗುರುವಾರ ಅತ್ತೆ ಯಾಕೋಮಿನಾಳ ಬಳಿ ಹೋಗುತ್ತೇನೆ.
ಕಡಲ ಏರಿಯ ಹಿಂದೆ, ತಗ್ಗಿನಲ್ಲಿ, ಮುದುಕರ ಮನೆ.
ಝೇಲಂಡಿನ ಈ ನೆಲ ಸಮುದ್ರಕ್ಕಿಂತ ಕೆಳಗಿದೆ;
ಹಗಲೂ ರಾತ್ರಿ ಎಲ್ಲೋ ಒಂದು ಪಂಪು ನೀರೆತ್ತುತ್ತಿರುತ್ತದೆ,
ನಿಂತರಷ್ಟೇ ಕೇಳಿಸುವ ಸದ್ದು.
ಅತ್ತೆಗೆ ನಾನು ಒಮ್ಮೆ ಹಾಲಿನವಳು,
ಒಮ್ಮೆ ಸತ್ತುಹೋದ ತಂಗಿ.
ಅವಳ ಹೆಸರು ಅವಳಿಗೇ ನೆನಪಿಲ್ಲ.

ಚಿಕ್ಕಂದಿನಲ್ಲಿ ಅವಳ ಪಕ್ಕ ಕೂತು ಕೀರ್ತನೆ ಹಾಡಿದ್ದೇನೆ,
ಒಂದು ಸ್ವರದಿಂದ ಇನ್ನೊಂದಕ್ಕೆ ದಾಟುವಾಗ
ಉಸಿರು ಮುಗಿದುಹೋಗುವಷ್ಟು ನಿಧಾನ.
ಕಪ್ಪು ಟೊಪ್ಪಿ, ಬೆನ್ನು ಕೊರೆಯುವ ಬೆಂಚು,
ಮೂರು ಭಾಗದ ಪ್ರಸಂಗಕ್ಕೆ ಮೂರು ಪೆಪ್ಪರ್‌ಮಿಂಟ್.
ಕಚ್ಚಬಾರದು. ಕರಗಿಸಬೇಕು.

ಅದೇ ಬೆಂಚಿನ ತುದಿಯಲ್ಲಿ ಕ್ರೈನ್ ಮಾವ.
ನಲವತ್ತೊಂದು ವರ್ಷ
ಕರ್ತನ ಭೋಜನದ ರೊಟ್ಟಿ ಅವನೆದುರೇ ದಾಟಿಹೋಯಿತು,
ಅವನ ಕೈ ಮೊಣಕಾಲು ಬಿಟ್ಟು ಏಳಲಿಲ್ಲ.
ಆರಿಸಿಕೊಂಡವರಲ್ಲಿ ನಾನಿದ್ದೇನೋ ಇಲ್ಲವೋ, ಯಾರು ಬಲ್ಲರು?
ಹಾಗೆಂದವನನ್ನು ಹಾಗೆಯೇ ಜೇಡಿಮಣ್ಣಿಗೆ ಇಳಿಸಿದರು.
ಆ ದಿನವೇ ನಾನು ಆ ಬಾಗಿಲನ್ನು
ಕೈ ನೋಯುವಂತೆ ಎಳೆದುಕೊಂಡು ಹೊರಬಿದ್ದೆ.

ಈ ಚಳಿಗಾಲ ಅವಳ ಪೆಟ್ಟಿಗೆಯ ತಳದಲ್ಲಿ
ಶಾಲೆಯ ಕಾಲದ ಪ್ರಶ್ನೋತ್ತರದ ಪುಸ್ತಕ ಸಿಕ್ಕಿತು.
ಪ್ರವಾಹದ ಉಪ್ಪುನೀರು ಕುಡಿದು ಉಬ್ಬಿದ ಹಾಳೆ.
ಹೊತ್ತು ಹೋಗಲೆಂದು ಓದಿದೆ ಅಷ್ಟೆ:
ನಿನ್ನನ್ನು ಆತನು ಆರಿಸಿದ್ದು ನಿನ್ನಲ್ಲಿ ಏನು ಕಂಡು?
ಕಿಟಕಿ ನೋಡುತ್ತಿದ್ದ ಅತ್ತೆ, ತಿರುಗದೆ:
"ಏನೂ ಕಂಡಲ್ಲ."
ನನ್ನ ಬೆರಳು ಸಾಲಿನ ಮೇಲೇ ನಿಂತಿತು.
ಮುಂದಿನದು ಪುಸ್ತಕದಲ್ಲಿರಲಿಲ್ಲ, ನಾನೇ ಕೇಳಿದೆ:
ಮತ್ತೆ, ನೀನು ಕೈಬಿಟ್ಟರೆ?
"ನಾನು ಹಿಡಿದದ್ದಲ್ಲವಲ್ಲ,"
ಎಂದಳು, ದಡ್ಡಿಗೆ ಹೇಳುವ ಹಾಗೆ,
ಆಮೇಲೆ ಬಾಯಿ ತೆರೆದಳು, ಪೆಪ್ಪರ್‌ಮಿಂಟಿಗೆ.

ಏರಿಯ ಮೇಲೆ ಕಾರು ನಿಲ್ಲಿಸಿ ಬಹಳ ಹೊತ್ತು ಕೂತಿದ್ದೆ.
ಮಾವನೂ ಓದಿದ್ದು ಇದೇ ಪುಸ್ತಕ ತಾನೆ?
ಅವನು ತನ್ನೊಳಗೆ ಬಗ್ಗಿ ಬಗ್ಗಿ ಗುರುತು ಹುಡುಕಿದ,
ನಾವು ಬಗ್ಗಿ ಬಗ್ಗಿ ಬೆಳಕು ಹುಡುಕುತ್ತೇವೆ.
ಬಾವಿ ಅದೇ. ಹಗ್ಗವೂ ಅದೇ ಇರಬೇಕು.

ಈಗ ಮಂಗಳವಾರ ರಾತ್ರಿ, ಮಳಿಗೆಯ ಹಿಂದಿನ ಗೋದಾಮಿನಲ್ಲಿ
ಐದು ಜನ ಸೇರುತ್ತೇವೆ. ಹಿಲ್ಲೆಚೆ, ಮಸ್ಸೆಲ್ ಚಿಪ್ಪಿನ ದೋಣಿಯವಳು,
ಮೊದಲ ಪುಟಕ್ಕೇ ಜಗಳ ತೆಗೆದಳು:
"ಹಾಗಾದರೆ ನನ್ನ ಮಗನನ್ನು ಯಾಕೆ ಬಿಟ್ಟ?"
ಯಾರಿಗೂ ಉತ್ತರ ಬರಲಿಲ್ಲ. ಪುಸ್ತಕ ಮುಚ್ಚಲೂ ಇಲ್ಲ.
ಪಾಸ್ಟರ್ ಯೆರೂನ್ ಬಾಗಿಲಲ್ಲಿ ನಿಂತು ಕೇಳಿ,
ಕಾಲಿಗೆ ಚಳಿಯಾಗಿಯೋ ಏನೋ, ಒಳಗೆ ಬಂದರು.

ರೊಟ್ಟಿ ಬಂದಾಗ, ನಿಜ ಹೇಳಬೇಕೆಂದರೆ,
ನನ್ನ ಕೈಯೂ ಮೊಣಕಾಲ ಮೇಲೇ ಕೂತಿತ್ತು, ಮಾವನ ಕೈಯ ಹಾಗೆ.
ಪಕ್ಕದವರು ಕಾಯುತ್ತಿದ್ದರು.
ತಗೊಂಡೆ.

ಹೋದ ಗುರುವಾರ ಅತ್ತೆಯ ಉತ್ತರಗಳೂ ಹೋದವು.
ಕೇಳಿದೆ; ಸುಮ್ಮನಿದ್ದಳು. ಇನ್ನೊಮ್ಮೆ ಕೇಳಿದೆ.
ಕೊನೆಗೆ ಅವಳ ಪರವಾಗಿ ನಾನೇ ಹೇಳಿದೆ, ಅಲ್ಲಲ್ಲಿ ತಪ್ಪಿ.
ಅವಳ ನಾಲಗೆಯ ಮೇಲೆ ಪೆಪ್ಪರ್‌ಮಿಂಟ್ ಕರಗುತ್ತಿತ್ತು,
ಕಚ್ಚಲಿಲ್ಲ.
ಹೊರಗೆ ಆ ಪಂಪು.