ಏಳು ಬಾಗಿದ್ದು, ಮುಟ್ಟಿಲ್ಲ

ಮೊದಲ ಮದರ್‌ಬೋರ್ಡ್ ಸತ್ತದ್ದು ಸಿಡಿಲಿಗಲ್ಲ,
ಬರೆದುಕೊಳ್ಳಿ, ಎಂದೆ ಫೋನಿನಲ್ಲಿ.
ಕೊಡಗಿನಲ್ಲಿ ಏನು ಕೆಟ್ಟರೂ ಸಿಡಿಲು ಅನ್ನುತ್ತೀರಿ ನೀವು.
ಅವತ್ತು ಆಕಾಶ ತೊಳೆದು ಕವುಚಿಟ್ಟ ತಟ್ಟೆ.
ಅರ್ಧ ಪಹಣಿ ಪ್ರಿಂಟಾಗಿತ್ತು, ಅಷ್ಟೇ.

ಹದಿನೇಳು ದಿನಕ್ಕೆ ಬದಲಿ ಬಂತು ವಿರಾಜಪೇಟೆಗೆ.
ಮೊಹರು ಸರಿಯಿತ್ತು, ಗುಳ್ಳೆ ಪ್ಲಾಸ್ಟಿಕ್ಕೂ ಸರಿಯಿತ್ತು.
ಒಳಗೆ, ಪ್ರೊಸೆಸರ್ ಕೂರುವ ಚೌಕದಲ್ಲಿ
ಸಾವಿರ ಚಿಲ್ಲರೆ ಚಿನ್ನದ ಮುಳ್ಳು ಸಾಲು ಹಿಡಿದು ನಿಂತು
ಒಂದು ಮೂಲೆಯಲ್ಲಿ ಮಾತ್ರ
ಅಗೆಮಡಿಗೆ ಕರು ಒಂದೇ ಒಂದು ಕಾಲಿಟ್ಟು
ತೆಗೆದ ಹಾಗೆ.

‘ಗ್ರಾಹಕರಿಂದಾದ ಹಾನಿ, ಮೇಡಂ.
ವಾರಂಟಿಗೆ ಬರುವುದಿಲ್ಲ. ನಿಮ್ಮ ತಾಳ್ಮೆಗೆ ಧನ್ಯವಾದ.’
ಗ್ರಾಹಕರು ಅಂದರೆ ನಾನು,
ಗಡಿಯಾರ ಕಂಬದ ಹಿಂದೆ ಒಂದು ಝೆರಾಕ್ಸ್ ಅಂಗಡಿ,
ಕೋವಿ ವಿನಾಯಿತಿಯ ಅರ್ಜಿ ಸುರುಳಿ ಸುತ್ತಿ ನಿಂತ ಬೊಳ್ಯಪ್ಪ,
ಮಗಳ ಜಾತಿ ಪ್ರಮಾಣಪತ್ರಕ್ಕೆಂದು
ತಿತಿಮತಿಯಿಂದ ಮೂರನೇ ಸಲ ಬಸ್ಸು ಹತ್ತಿ ಬಂದ ಕರಿಂಗಿ.
ಮೆಷೀನಿಗೆ ಹುಷಾರಿಲ್ಲ ಅಂದೆ.
ಏನು ತಿಂದಿತ್ತು, ಕೇಳಿದಳು.

ತೆಲುಗರ ಬೀದಿಯ ವಾಮನಾಚಾರಿ
ಒಂದು ಕಣ್ಣಿಗೆ ಗಾಜು ಸಿಕ್ಕಿಸಿ ನೋಡಿದರು, ಉಸಿರು ಬಿಗಿಹಿಡಿದು.
‘ಏಳು. ಎಂಟನೆಯದು ಹೆದರಿದೆ, ಬಾಗಿಲ್ಲ.’
ಚಿಮುಟ ಕೈಯಲ್ಲೇ ಇತ್ತು;
ಪೀಚೆಕತ್ತಿಯ ಹಿಡಿಗೆ ಬೆಳ್ಳಿಯ ಎಳೆ ಕೂರಿಸುವ ಚಿಮುಟ.
ನೆಟ್ಟಗೆ ಮಾಡಿಬಿಡಿ ಅಂದೆ, ಯಾರಿಗೆ ತಿಳಿಯುತ್ತೆ.
ಅವರು ಚಿಮುಟವನ್ನು ಕೆಳಗಿಟ್ಟರು.

‘ಮಾಡಬಲ್ಲೆ. ಮಾಡಿದರೆ ಮುಟ್ಟಿದವನು ನಾನು,
ಮುರಿದವಳು ನೀನು.
ನಾನು ಕೊಡುವಾಗ ಪದಕದಲ್ಲಿ ಈ ಸೀಳಿರಲಿಲ್ಲ ಆಚಾರಿ,
ಎಷ್ಟು ಮಂದಿ ಅಂದಿದ್ದಾರೆ ಗೊತ್ತಾ, ನಲವತ್ತು ವರ್ಷದಲ್ಲಿ?
ಅದಕ್ಕೇ ಕೈಗೆ ತಗೊಳ್ಳುವ ಮೊದಲು ಅವರೆದುರೇ ತೂಗುತ್ತೇನೆ,
ಎಲ್ಲಿ ಸವೆದಿದೆ, ಎಲ್ಲಿ ಕಲ್ಲು ಬಿದ್ದಿದೆ
ಅವರ ಬಾಯಲ್ಲೇ ಹೇಳಿಸುತ್ತೇನೆ.
ಆಮೇಲೆ ಬೆಂಕಿ.’

ಅಂಗಡಿಯ ರಸೀತಿ ಹರಿದು ಬರೆದರು,
ಒಡವೆಗೆ ಬರೆಯುವ ಅದೇ ದುಂಡು ಅಕ್ಷರ:
ಬೋರ್ಡು ಒಂದು. ಮುಳ್ಳು ಏಳು ಬಾಗಿದ್ದು.
ತೂಕ ನೋಡಿಲ್ಲ. ಮುಟ್ಟಿಲ್ಲ.
ಕೆಳಗೆ ಸಹಿ, ತಾರೀಕು, ಹೊತ್ತು ಸಹಿತ.

ಆ ಚೀಟಿಯ ಫೋಟೋವನ್ನೇ ಕಳಿಸಿದೆ.
ಇಂಥ ದಾಖಲೆಗೆ ನಮೂನೆಯಿಲ್ಲ ಎಂದು ಮೊದಲ ಉತ್ತರ.
ಆರು ದಿನ ಬಿಟ್ಟು ಇನ್ನೊಂದು:
ವಿಶೇಷ ಪ್ರಕರಣವೆಂದು ಪರಿಗಣಿಸಲಾಗಿದೆ.
ಸಿಟ್ಟು ಬಂತು. ವಿಶೇಷ ಏನು ಇದರಲ್ಲಿ,
ಒಬ್ಬರು ಕೂತು ಎಣಿಸಿದ್ದು ಬಿಟ್ಟರೆ?

ಮೂರನೆಯ ಪೆಟ್ಟಿಗೆ ತಂದ ಸಿನಾನ್
ಹೆಲ್ಮೆಟ್ ಕೂಡ ತೆಗೆದಿರಲಿಲ್ಲ.
ನಿಲ್ಲು ಮಾರಾಯ, ಎಂದು ಫೋನು ಅವನ ಕೈಗಿತ್ತೆ.
ಟೇಪು ಕೊಯ್ದೆ, ಮುಚ್ಚಳ ಎತ್ತಿದೆ.
ನನಗಿಂತ ಮೊದಲು ಬಗ್ಗಿದ್ದು ಕರಿಂಗಿ;
ವಿಡಿಯೋ ತುಂಬ ಅವಳ ಬೈತಲೆ, ಅವಳ ದನಿ:
‘ಎಲ್ಲಾ ನೆಟ್ಟಗಿದೆ. ನಂದು?’

ಕೂರಿಸಿದೆ, ಸ್ಕ್ರೂ ಬಿಗಿದೆ, ಫ್ಯಾನು ತಿರುಗಿತು.
ಸರ್ವರ್ ಇರಲಿಲ್ಲ.
ಅವಳು ಸ್ಟೂಲೆಳೆದು ಕೂತಳು,
ನಾಲ್ಕೂವರೆ ಬಸ್ಸಿಗೆ ಇನ್ನೂ ಹೊತ್ತಿದೆ ಅಂತ.