ನಾಲ್ಕು ಕ್ರೆಡಿಟ್ಟಿನ ಜಪಾನು

ಗುರುವಾರ ಎರಡರಿಂದ ನಾಲ್ಕು, ರೂಮು ನಂಬರು ಹನ್ನೊಂದು.
ಕಿಟಕಿಯಾಚೆ ಅಂತರಗಂಗೆ ಬೆಟ್ಟ, ಬಂಡೆ ಮೇಲೆ ಬಂಡೆ,
ಇನ್ನೇನು ಬಿತ್ತು ಅನ್ನುವ ಹಾಗೆ ಕೂತು ಎಷ್ಟು ಕಾಲವಾಯಿತೋ.
ಪಾಠಕ್ಕೆ ನಾವಿಬ್ಬರು: ಸಮಾಜಶಾಸ್ತ್ರದ ನಾನು,
ವರ್ಷದ ಮಟ್ಟಿಗೆ ಬಂದ ಹಿಸಾಯೊ ಮೇಡಂ.
ಅವರು ಹೇಳಬೇಕು, ನಾನು ಕನ್ನಡಕ್ಕೆ ತರಬೇಕು.
ನಡುವೆ ಇಬ್ಬರದೂ ಕುಂಟು ಇಂಗ್ಲಿಷು.

ಮೊದಮೊದಲು ಸಲೀಸಾಗಿತ್ತು.
ಚಪ್ಪಲಿ ಹೊಸ್ತಿಲಾಚೆ ಬಿಡುತ್ತಾರೆ ಅಂದರು.
ಅದರಲ್ಲೇನಿದೆ, ಅಂದವು ಮಕ್ಕಳು.
ಕ್ರಿಯಾಪದ ಕೊನೆಗೆ ಬರುತ್ತದೆ ಅಂದರು.
ನಮ್ಮಲ್ಲೂ ಅಷ್ಟೇ, ಮಾತು ಮುಗಿಯುವ ತನಕ
ಒಪ್ಪಿದನೋ ಒಲ್ಲೆನೆಂದನೋ ತಿಳಿಯದು.
'ಗಿರಿ' ಅನ್ನುವ ಅವರ ಪದಕ್ಕೆ ರಾತ್ರಿಯಿಡೀ ಹುಡುಕಿ
'ದಾಕ್ಷಿಣ್ಯ' ಎಂದು ಬರೆದುಕೊಂಡು ಹೋದರೆ
ಹಿಂದಿನ ಬೆಂಚಿನ ನಾರೆಪ್ಪ
"ಮುಲಾಜು ಸಾರ್, ಬರೀ ಮುಲಾಜು" ಅಂದು
ನನ್ನ ರಾತ್ರಿಯನ್ನು ಒಂದೇ ಏಟಿಗೆ ಮುಗಿಸಿದ.

ಮನೆಯಿಂದ ಹೊರಡುವಾಗ ಅಲ್ಲೂ
ಯಾರೂ 'ಹೋಗ್ತೀನಿ' ಅನ್ನುವುದಿಲ್ಲವಂತೆ.
ಇತ್ತೆಕಿಮಾಸು: ಹೋಗಿ ಬರ್ತೀನಿ.
ಒಳಗಿನಿಂದ ಯಾರೋ: ಹೋಗಿ ಬಾ.
ಅವತ್ತು ಬೋರ್ಡಿಗೆ ಬೆನ್ನು ಕೊಟ್ಟು ಮೇಡಂ ನಕ್ಕದ್ದು ನೋಡಿ
ಭೂಮಿ ಗುಂಡಗಿರುವುದು ಇದಕ್ಕೇ ಇರಬೇಕು ಅಂದುಕೊಂಡೆ.

ಐದನೇ ಘಟಕ, ಸಾಮರಸ್ಯ. ಸಿಲಬಸ್ಸು ನಾನೇ ಬರೆದದ್ದು.
ಸಾಲಾಗಿ ನಿಲ್ಲುವವರು, ಒಂದೇ ಮನಸ್ಸಿನವರು,
ರೈಲು ಅರ್ಧ ನಿಮಿಷ ತಡವಾದರೆ ತಲೆ ಬಾಗುವವರು.
ನರಸಾಪುರದ ಫ್ಯಾಕ್ಟರಿಗೆ ಸೇರಬೇಕೆಂದಿದ್ದವರು
ಬಗ್ಗಿ ಬರೆದುಕೊಳ್ಳುತ್ತಿದ್ದರು.
ಕಿಟಕಿ ಪಕ್ಕದ ಸುಗುಣ ಎದ್ದು ನಿಂತಳು.
"ಅಲ್ಲಿ ಸತ್ತ ದನ ಯಾರು ಎತ್ತುತ್ತಾರೆ ಮೇಡಂ?"

ನಾನು ಅದನ್ನು ಇಂಗ್ಲಿಷಿಗೆ ತರಲಿಲ್ಲ.
ಗಂಟಲು ಸರಿಮಾಡಿಕೊಂಡೆ. ಫ್ಯಾನು ನೋಡಿದೆ.
ಮುಂದಿನ ಘಟಕದಲ್ಲಿ ಬರುತ್ತದಮ್ಮ, ಅಂದೆ.
ಬರುವುದಿಲ್ಲವೆಂದು ನನಗಲ್ಲದೆ ಇನ್ಯಾರಿಗೆ ಗೊತ್ತು.
ಏನು ಕೇಳಿದಳು, ಅಂದರು ಮೇಡಂ. ಏನಿಲ್ಲ, ಅಂದೆ.
ಮತ್ತೆ ಕೇಳಿದರು.
ಹೇಳಿದೆ.

ಸೀಮೆಸುಣ್ಣ ಕೈಯಲ್ಲಿ ಸುಮ್ಮನೆ ತಿರುಗಿತು ಸ್ವಲ್ಪ ಹೊತ್ತು.
ಆಮೇಲೆ ಬೋರ್ಡಿನ ಮೇಲೆ ಅವರ ಲಿಪಿಯ ಎರಡಕ್ಷರ: ಬುರಾಕು.
ಅರ್ಥ ಏನೂ ಇಲ್ಲ, ಬರೀ ಹಟ್ಟಿ, ನಾಲ್ಕು ಮನೆಯ ಊರು.
ನಮ್ಮಜ್ಜಿ ಇದನ್ನು ದನಿ ತಗ್ಗಿಸಿ ಹೇಳುತ್ತಿದ್ದಳು.
ಹೆಣ್ಣು ಕೊಡುವ ಮುಂಚೆ ಗಂಡಿನ ವಿಳಾಸ ವಿಚಾರಿಸುತ್ತಿದ್ದಳು.
ಕಂಪನಿಗಳು ಒಂದು ಕಾಲಕ್ಕೆ
ಅಂಥ ಊರುಗಳ ಪಟ್ಟಿಯನ್ನೇ ಕೊಂಡು ಇಟ್ಟುಕೊಂಡಿದ್ದವು.
ವಾಕ್ಯದ ಹಿಂದೆ ವಾಕ್ಯ, ನಾನು ಕನ್ನಡದಲ್ಲಿ ಹೇಳುತ್ತ ಹೋದೆ.
ಮೂರು ತಿಂಗಳಲ್ಲಿ ಮೊದಲ ಸಲ
ಯಾವ ಪದಕ್ಕೂ ನಿಘಂಟು ಬೇಕಾಗಲಿಲ್ಲ.

ಸುಗುಣ ಇನ್ನೂ ಕೂತಿರಲಿಲ್ಲ.
ಕೇರಿ ಅಂದರೂ ಬರೀ ಬೀದಿ, ಮೇಡಂ,
ಅಂತ ಅವಳೇ ಹೇಳಿದಳು, ತಡವರಿಸುತ್ತ, ಇಂಗ್ಲಿಷಿನಲ್ಲಿ,
ನನಗಾಗಿ ಕಾಯದೆ.

ನಾಲ್ಕಕ್ಕೆ ಬೆಲ್ಲಾಯಿತು.
ಬೋರ್ಡು ಒರೆಸಲು ಹೋದ ನಾರೆಪ್ಪ
ಆ ಎರಡಕ್ಷರದ ಸುತ್ತ ಒರೆಸಿ ಬಂದ.
ಬಾಗಿಲಲ್ಲಿ ಸುಗುಣ, ಇತ್ತೆಕಿಮಾಸು, ಅಂದಳು.
ಹೋಗ್ ಬಾ, ಅಂದರು ಮೇಡಂ, ನಮ್ಮ ಹಾಗೇ.
ನಾನೂ ಏನಾದರೂ ಅನ್ನಬೇಕಿತ್ತು.
ನನ್ನ ಬೆರಳು ಅಷ್ಟರಲ್ಲಿ
ಟೇಬಲ್ಲಿನ ಪ್ರವೇಶ ಪಟ್ಟಿಯಲ್ಲಿ ಅವಳ ಹೆಸರು ಹಿಡಿದು
ಮೆಲ್ಲಗೆ ಪಕ್ಕಕ್ಕೆ ಸರಿಯುತ್ತಿತ್ತು,
ಊರು ಯಾವುದು, ಬೀದಿ ಯಾವುದು ಅಂತ.